ಗುಳ್ಳೆ ಒಣಗಿದ ಮೇಲೂ ಉಳಿಯುವ ಉರಿ: ಸರ್ಪಸುತ್ತಿನ ನಂತರದ ನರನೋವನ್ನು ನಿಭಾಯಿಸುವ ಬಗೆ

ಸರ್ಪಸುತ್ತಿನ ಗುಳ್ಳೆಗಳು ಒಣಗಿ, ಹಕ್ಕಳೆ ಉದುರಿ, ಅಡಿಯಿಂದ ಹೊಸ ಚರ್ಮ ಕಾಣಿಸಿಕೊಂಡಾಗ ಮನೆಯವರು ಕಾಯಿಲೆ ಗುಣವಾಯಿತೆಂದು ಸಮಾಧಾನಪಡುತ್ತಾರೆ. ಆದರೆ ಕೆಲವರಿಗೆ, ಅದರಲ್ಲೂ 60 ವರ್ಷ ದಾಟಿದವರಿಗೆ, ಗುಳ್ಳೆ ಎದ್ದಿದ್ದ ಅದೇ ಪಟ್ಟಿಯಲ್ಲಿ ಉರಿ ಉಳಿದುಬಿಡುತ್ತದೆ; ತಿಂಗಳುಗಳು ಕಳೆದರೂ ಅಂಗಿ ತಾಗಿದರೆ ಮೈ ಹಿಡಿ ಮಾಡುವಂತಾಗುತ್ತದೆ, ನಡುರಾತ್ರಿ ಯಾವ ಕಾರಣವೂ ಇಲ್ಲದೆ ಸೂಜಿ ಚುಚ್ಚಿದಂತಹ ಚಳಕು ಹಾಯುತ್ತದೆ. ಗುಳ್ಳೆ ಕಾಣಿಸಿಕೊಂಡು 3 ತಿಂಗಳಾದ ಮೇಲೂ ಉಳಿಯುವ ಇಂತಹ ನೋವನ್ನು ವೈದ್ಯರು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎಂದು ಕರೆಯುತ್ತಾರೆ. ಸರ್ಪಸುತ್ತು ಬಂದವರಲ್ಲಿ ಸುಮಾರು ಶೇಕಡ 10ರಿಂದ 18 ಮಂದಿಗೆ ಇದು ಅಂಟಿಕೊಳ್ಳುತ್ತದೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂದಾಜು. 40ರ ಒಳಗಿನವರಲ್ಲಿ ಅಪರೂಪ. ವಯಸ್ಸು ಏರಿದಂತೆಲ್ಲ ಸಾಧ್ಯತೆಯೂ ಏರುತ್ತದೆ.

ಕಾಸರಗೋಡಿನ ಹಳ್ಳಿಗಳಲ್ಲಿ ಈ ನೋವನ್ನು ಹೊತ್ತುಕೊಂಡು ಬದುಕುವ ಹಿರಿಯರು ವಿರಳರೇನಲ್ಲ. ಅವರಲ್ಲಿ ಹಲವರು ಸರಿಯಾದ ಔಷಧಿಯನ್ನೇ ಪಡೆದಿರುತ್ತಾರೆ, ಆದರೆ ಅದು ಕೆಲಸ ಮಾಡುವ ಪ್ರಮಾಣಕ್ಕೆ ಬರುವ ಮೊದಲೇ ಬಿಟ್ಟಿರುತ್ತಾರೆ. ಈ ನೋವಿನ ಚಿಕಿತ್ಸೆಯಲ್ಲಿ ಯಾವ ಮಾತ್ರೆ ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬ ಪ್ರಶ್ನೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನೋವು ಹುಟ್ಟುವ ಜಾಗವನ್ನು ಮೊದಲು ತಿಳಿಯಬೇಕು.

ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಬರುವ ಸೋಂಕಲ್ಲ. ಬಾಲ್ಯದಲ್ಲೋ ಯೌವನದಲ್ಲೋ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್ ಪಾಕ್ಸಿನ ವೈರಸ್ಸು ದೇಹವನ್ನು ಬಿಟ್ಟು ಹೋಗುವುದಿಲ್ಲ. ಅದು ಬೆನ್ನುಹುರಿಯ ಪಕ್ಕದಲ್ಲಿರುವ ಸಂವೇದನಾ ನರಗಂಟುಗಳಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಉಳಿದಿರುತ್ತದೆ. ವಯಸ್ಸಿನಿಂದಲೋ, ಮಧುಮೇಹದಿಂದಲೋ, ಕ್ಯಾನ್ಸರ್ ಚಿಕಿತ್ಸೆಯಿಂದಲೋ, ದೀರ್ಘಕಾಲ ಸೇವಿಸಿದ ಸ್ಟೀರಾಯ್ಡಿನಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ಗಂಟಿನಲ್ಲಿದ್ದ ವೈರಸ್ಸು ಎಚ್ಚರಗೊಂಡು, ಆ ನರದ ಉದ್ದಕ್ಕೂ ಇಳಿದು ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಎಡ್ಗರ್ ಹೋಪ್ ಸಿಂಪ್ಸನ್ ಅವರು ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, 1965ರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ಮಂಡಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದೆ, ಊರಿನ ಒಬ್ಬ ವೈದ್ಯರು ತಾಳ್ಮೆಯಿಂದ ದಾಖಲೆ ಇಟ್ಟು ಕಂಡುಕೊಂಡ ಸತ್ಯ ಇದು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ, ಬೆನ್ನಿನಿಂದ ಎದೆಗೋ ಹೊಟ್ಟೆಗೋ ಬಳಸಿ ಬಂದ ಪಟ್ಟಿಯಂತೆ ಏಳುವುದಕ್ಕೆ ಕಾರಣವೂ ಇದೇ. ಪ್ರತಿಯೊಂದು ನರಗಂಟಿಗೂ ಚರ್ಮದ ಮೇಲೆ ಅದರದೇ ಆದ ಒಂದು ಪಟ್ಟಿ ಇರುತ್ತದೆ. ಎಡಗಡೆಯ ನರ ಎಡಗಡೆಯ ಚರ್ಮವನ್ನಷ್ಟೇ ನೋಡಿಕೊಳ್ಳುತ್ತದೆ. ಪಟ್ಟಿಯ ಎರಡು ತುದಿಗಳು, ಅಂದರೆ ಸರ್ಪದ ತಲೆ ಮತ್ತು ಬಾಲ, ಕೂಡಿದರೆ ಪ್ರಾಣಕ್ಕೆ ಅಪಾಯ ಎಂಬ ಭಯ ನಮ್ಮ ಕಡೆಯಲ್ಲಿ ಇಂದಿಗೂ ಇದೆ. ಗುಳ್ಳೆ ಸಾಮಾನ್ಯವಾಗಿ ದೇಹದ ನಡುಗೆರೆಯನ್ನು ದಾಟದ ಕಾರಣ ಆ ತುದಿಗಳು ಕೂಡುವ ಸಂದರ್ಭವೇ ಬರುವುದಿಲ್ಲ. ಒಂದು ವೇಳೆ ಗುಳ್ಳೆ ಎರಡೂ ಪಕ್ಕಕ್ಕೆ ಹರಡಿ ಮೈಯ ಬೇರೆ ಭಾಗಗಳಲ್ಲೂ ಎದ್ದರೆ, ಅದು ರೋಗನಿರೋಧಕ ಶಕ್ತಿ ತೀವ್ರವಾಗಿ ಕುಗ್ಗಿರುವುದರ ಸೂಚನೆಯಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋವಿನ ಮೂಲ ಈ ನರದಲ್ಲಿದೆ. ವೈರಸ್ಸು ಗಂಟಿನಿಂದ ಚರ್ಮಕ್ಕೆ ಇಳಿಯುವಾಗ ಆಗುವ ಉರಿಯೂತದಿಂದ ನರತಂತುಗಳು ಹಾನಿಗೊಳ್ಳುತ್ತವೆ, ಕೆಲವು ಸಾಯುತ್ತವೆ. ಈ ನೋವಿರುವವರ ಚರ್ಮದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅಲ್ಲಿ ನರತುದಿಗಳ ಸಂಖ್ಯೆ ಬಹಳ ಕಡಿಮೆಯಾಗಿರುವುದು ಕಂಡುಬಂದಿದೆ. ಹೊರಗಿನಿಂದ ನೋಡಿದರೆ ಚರ್ಮ ಸರಿಯಾಗಿಯೇ ಇದೆ. ಒಳಗೆ ನರಗಳು ಸರಿಯಾಗಿಲ್ಲ. ಉಳಿದಿರುವ ಹಾನಿಗೊಂಡ ತಂತುಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಸಂದೇಶ ಕಳುಹಿಸತೊಡಗುತ್ತವೆ. ಚಳಕು ಹೊಡೆಯುವುದು, ಕರೆಂಟು ತಾಗಿದ ಹಾಗಾಗುವುದು ಹೆಚ್ಚಾಗಿ ಇದರಿಂದಲೇ.

ಎರಡನೆಯ ಬದಲಾವಣೆ ನಡೆಯುವುದು ಬೆನ್ನುಹುರಿಯಲ್ಲಿ. ಸಾಮಾನ್ಯ ಸ್ಥಿತಿಯಲ್ಲಿ ಅಲ್ಲಿರುವ ತಡೆಯ ವ್ಯವಸ್ಥೆಯು ಯಾವ ಸಂದೇಶ ಮಿದುಳಿಗೆ ಎಷ್ಟು ಹೋಗಬೇಕೆಂಬುದನ್ನು ಹಿಡಿತದಲ್ಲಿಟ್ಟಿರುತ್ತದೆ. ನಮ್ಮ ತೋಡುಗಳಿಗೆ ಬೇಸಿಗೆಯ ಮೊದಲು ಹಾಕುವ ಕಟ್ಟ ಒಡೆದರೆ ನೀರು ಹೇಗೆ ಮಿತಿಯಿಲ್ಲದೆ ನುಗ್ಗುತ್ತದೆಯೋ ಹಾಗೆಯೇ, ನೋವಿನ ಸಂದೇಶಗಳ ಮಳೆ ಸುರಿದು ಈ ತಡೆ ದುರ್ಬಲವಾದಾಗ ಸ್ಪರ್ಶದ ಸಂದೇಶವೂ ನೋವಿನ ದಾರಿಗೆ ನುಗ್ಗುತ್ತದೆ. ಬಟ್ಟೆಯ ಅಂಚು, ಫ್ಯಾನಿನ ಗಾಳಿ, ಸ್ನಾನದ ನೀರಿನ ಹನಿ, ಮೊಮ್ಮಗುವಿನ ಕೈ, ಇವೆಲ್ಲ ನೋವಾಗಿ ಮಿದುಳನ್ನು ತಲುಪುತ್ತವೆ. ವಿಚಿತ್ರವೆಂದರೆ ಅದೇ ಜಾಗದಲ್ಲಿ ಜೋಮು ಹಿಡಿದಂತೆ ಸ್ಪರ್ಶಜ್ಞಾನ ಕಡಿಮೆಯೂ ಆಗಿರಬಹುದು. ಅನುಭವವಿರುವ ವೈದ್ಯರು ಹತ್ತಿಯ ಎಳೆಯೊಂದನ್ನು ಆರೋಗ್ಯವಾಗಿರುವ ಚರ್ಮದಿಂದ ನೋವಿನ ಪಟ್ಟಿಯ ಕಡೆಗೆ ಮೆಲ್ಲನೆ ಎಳೆಯುತ್ತಾ ಬರುತ್ತಾರೆ. ರೋಗಿ ಮುಖ ಕಿವುಚಿದ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕುತ್ತಾರೆ. ಹೀಗೆ ಸುತ್ತಲೂ ಗುರುತು ಹಾಕಿ ಸೇರಿಸಿದಾಗ ಕಣ್ಣಿಗೆ ಕಾಣದ ನೋವಿಗೆ ಒಂದು ನಕ್ಷೆ ಸಿಗುತ್ತದೆ. ಆ ನಕ್ಷೆಯನ್ನು ಮನೆಯವರಿಗೂ ತೋರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಏಕೆಂದರೆ ಈ ಕಾಯಿಲೆಯಲ್ಲಿ ನೋವಿನ ಜೊತೆಗೆ ನಂಬಿಸಬೇಕಾದ ಕಷ್ಟವೂ ಇದೆ. ಬದಿಯಡ್ಕದ ಕಡೆಯ ಹಿರಿಯ ಕೃಷಿಕರೊಬ್ಬರು ಧನುರ್ಮಾಸದ ಚಳಿಯಲ್ಲೂ ಅಂಗಿ ಹಾಕದೆ, ನೋವಿಲ್ಲದ ಹೆಗಲಿನ ಮೇಲೆ ಮಾತ್ರ ಬೈರಾಸು ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಬೈರಾಸಿನ ತುದಿ ಗಾಳಿಗೆ ಹಾರಿ ಎಡ ಪಕ್ಕೆಗೆ ತಾಗಬಾರದೆಂದು ಅದನ್ನು ಸೊಂಟಕ್ಕೆ ಸಿಕ್ಕಿಸಿದ್ದರು. "ಗಾಯವೇ ಇಲ್ಲದ ಮೇಲೆ ಎಂತದು ನೋವು ಅಂತ ಮಗ ಕೇಳುತ್ತಾನೆ, ಅವನಿಗೆ ಎಂತ ಹೇಳುವುದು ಮಾರಾಯ್ರೇ" ಎಂದರು ಅವರು. ಮಗನದು ಕ್ರೂರತನವಲ್ಲ, ಗಾಯ ಕಾಣದಿದ್ದರೆ ನೋವಿಲ್ಲ ಎಂದು ನಾವೆಲ್ಲರೂ ಬಾಲ್ಯದಿಂದ ಕಲಿತಿರುವ ಲೆಕ್ಕ ಈ ಕಾಯಿಲೆಗೆ ಹೊಂದುವುದಿಲ್ಲ, ಅಷ್ಟೇ.

ನೋವು ಉಳಿಯದಂತೆ ತಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರ ಎರಡು ಹಂತಗಳಲ್ಲಿದೆ. ಗುಳ್ಳೆ ಎದ್ದ 72 ಗಂಟೆಗಳ ಒಳಗೆ ವೈರಸ್ ನಿರೋಧಕ ಮಾತ್ರೆಗಳನ್ನು ಆರಂಭಿಸಿದರೆ ಗುಳ್ಳೆಗಳು ಬೇಗ ಒಣಗುತ್ತವೆ, ಆರಂಭದ ನೋವಿನ ತೀವ್ರತೆ ತಗ್ಗುತ್ತದೆ. ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ 5 ಬಾರಿ, ಅಥವಾ ವ್ಯಾಲಸೈಕ್ಲೋವಿರ್ 1 ಗ್ರಾಂ ದಿನಕ್ಕೆ 3 ಬಾರಿ, ಸಾಮಾನ್ಯವಾಗಿ 7 ದಿನ ಎಂಬುದು ವಾಡಿಕೆಯ ಪ್ರಮಾಣ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಅದನ್ನು ಇಳಿಸಬೇಕಾಗುತ್ತದೆ. ಅಸೈಕ್ಲೋವಿರ್ ರೂಪುಗೊಂಡ ಸಂಶೋಧನೆಯ ಮುಂದಾಳಾಗಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಆದರೆ ಈ ಮಾತ್ರೆಗಳು ದೀರ್ಘಕಾಲದ ನರನೋವನ್ನು ಖಂಡಿತವಾಗಿ ತಡೆಯುತ್ತವೆ ಎನ್ನಲು ಬಲವಾದ ಆಧಾರವಿಲ್ಲ. ಸ್ಟೀರಾಯ್ಡ್ ಮಾತ್ರೆಗಳೂ ಅದನ್ನು ತಡೆಯುವುದಿಲ್ಲ. ಹಾಗಿದ್ದರೂ ಮೊದಲ ಮೂರು ದಿನಗಳನ್ನು ಕಳೆದುಕೊಳ್ಳಬಾರದು.

ನಮ್ಮಲ್ಲಿ ಆ ಮೂರು ದಿನಗಳು ಕಳೆದುಹೋಗುವ ರೀತಿ ಎಲ್ಲರಿಗೂ ಗೊತ್ತಿದೆ. ನಾಗನ ಆರಾಧನೆ ಬದುಕಿನ ಭಾಗವಾಗಿರುವ ಈ ನೆಲದಲ್ಲಿ ಸರ್ಪಸುತ್ತೆಂದರೆ ಮೊದಲು ನೆನಪಾಗುವುದು ನಾಗದೋಷ. ತಂಬಿಲವನ್ನೋ ಆಶ್ಲೇಷ ಬಲಿಯನ್ನೋ ಮಾಡಿಸುವುದರಿಂದ ಮನಸ್ಸಿಗೆ ಬಲ ಬರುವುದಾದರೆ ಅದಕ್ಕೆ ಯಾರ ಆಕ್ಷೇಪವೂ ಬೇಕಾಗಿಲ್ಲ; ಆದರೆ ಅದರ ದಿನ ನಿಗದಿಯಾಗುವ ತನಕ ಮಾತ್ರೆ ಕಾಯಬಾರದು. ಗುಳ್ಳೆಯ ಮೇಲೆ ಸೊಪ್ಪಿನ ರಸ, ಕೆಮ್ಮಣ್ಣು, ಸುಣ್ಣ ಮೊದಲಾದವನ್ನು ಹಚ್ಚುವುದನ್ನು ಮಾತ್ರ ಬಿಡಲೇಬೇಕು. ಒಡೆದ ಗುಳ್ಳೆಗೆ ಕೀವು ತುಂಬಿದರೆ ಗಾಯ ಆಳವಾಗುತ್ತದೆ, ಕಲೆ ಉಳಿಯುತ್ತದೆ. ಹಣೆ, ಕಣ್ಣಿನ ರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು, ಏಕೆಂದರೆ ಮೂಗಿನ ತುದಿಗೆ ಬರುವ ನರವೇ ಕಣ್ಣಿನ ಒಳಗೂ ಹೋಗುತ್ತದೆ ಮತ್ತು ದೃಷ್ಟಿ ಹಾಳಾಗುವ ಸಂಭವವಿದೆ. ಮುಖದ ಈ ಭಾಗದಲ್ಲಿ ಬಂದ ಸರ್ಪಸುತ್ತಿಗೆ ನೋವು ಉಳಿಯುವ ಸಾಧ್ಯತೆಯೂ ಹೆಚ್ಚು. ಗುಳ್ಳೆ ಏಳುವ ಮೊದಲೇ ನೋವು ಬಂದವರಿಗೆ, ಆರಂಭದಲ್ಲಿ ತೀವ್ರ ನೋವು ಅನುಭವಿಸಿದವರಿಗೆ, ಗುಳ್ಳೆ ದಟ್ಟವಾಗಿ ಎದ್ದವರಿಗೆ ಕೂಡ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ನಿಜವಾದ ತಡೆ ಎಂದರೆ ಸರ್ಪಸುತ್ತೇ ಬರದಂತೆ ನೋಡಿಕೊಳ್ಳುವುದು. ಶಿಂಗ್ರಿಕ್ಸ್ ಎಂಬ ಲಸಿಕೆ ಅಮೆರಿಕದಲ್ಲಿ 2017ರಲ್ಲಿ ಮಂಜೂರಾಗಿ, ಭಾರತದಲ್ಲಿ 2023ರಿಂದ ದೊರೆಯುತ್ತಿದೆ. 50 ದಾಟಿದವರಿಗೆ 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು ಕೊಡುತ್ತಾರೆ. ದೊಡ್ಡ ಪರೀಕ್ಷೆಗಳಲ್ಲಿ ಇದು ಸರ್ಪಸುತ್ತನ್ನು ಶೇಕಡ 90ಕ್ಕೂ ಹೆಚ್ಚು ಮಟ್ಟಿಗೆ ತಡೆದಿದೆ. ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಸೇರದ ಕಾರಣ ಖರ್ಚನ್ನು ಮನೆಯವರೇ ಭರಿಸಬೇಕು, ಮತ್ತು ಆ ಖರ್ಚು ಸಣ್ಣದಲ್ಲ. ಈಗಾಗಲೇ ಉಳಿದಿರುವ ನರನೋವಿಗೆ ಈ ಲಸಿಕೆ ಔಷಧಿಯಲ್ಲ ಎಂಬುದನ್ನು ತಿಳಿದಿರಬೇಕು. ಮತ್ತೊಮ್ಮೆ ಸರ್ಪಸುತ್ತು ಬರದಂತೆ ಅದು ಕಾಪಾಡೀತು.

ಇನ್ನು ಉಳಿದ ನೋವಿನ ಚಿಕಿತ್ಸೆ. ಜ್ವರಕ್ಕೂ ಮೈಕೈ ನೋವಿಗೂ ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು ಇಲ್ಲಿ ಹೆಚ್ಚಿನ ಪ್ರಯೋಜನ ಕೊಡುವುದಿಲ್ಲ. ಗಾಯಗೊಂಡ ಮಾಂಸ ಅಥವಾ ಕೀಲಿನಿಂದ ಬರುವ ನೋವಿಗೂ ನರವೇ ಕೆಟ್ಟು ಹುಟ್ಟಿಸುವ ನೋವಿಗೂ ಹಾದಿ ಬೇರೆ. ಪ್ರಯೋಜನವಿಲ್ಲವೆಂದು ತಿಳಿದೂ ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ನುಂಗುತ್ತಾ ಹೋದರೆ ಹೊಟ್ಟೆ ಮತ್ತು ಮೂತ್ರಪಿಂಡ ಹಾಳಾಗುತ್ತವೆ, ಮತ್ತು ಮೂತ್ರಪಿಂಡ ಹಾಳಾದವರಿಗೆ ನಿಜವಾಗಿ ಬೇಕಾದ ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಡಲಾಗದ ಸ್ಥಿತಿ ಬರುತ್ತದೆ.

ನರನೋವಿಗೆ ಮೊದಲ ಸಾಲಿನಲ್ಲಿ ಬಳಸುವ ಮಾತ್ರೆಗಳು ಮುಖ್ಯವಾಗಿ ಎರಡು ಗುಂಪಿನವು. ಗಬಾಪೆಂಟಿನ್ ಮತ್ತು ಪ್ರಿಗಬಾಲಿನ್ ಮೂಲತಃ ಅಪಸ್ಮಾರಕ್ಕೆಂದು ಬಂದ ಔಷಧಿಗಳು. ಅವು ನರತುದಿಗಳಿಗೆ ಕ್ಯಾಲ್ಸಿಯಂ ಹೋಗುವ ದಾರಿಯನ್ನು ಬಿಗಿಗೊಳಿಸಿ, ನೋವಿನ ಸಂದೇಶ ಸಾಗಿಸುವ ರಾಸಾಯನಿಕಗಳ ಬಿಡುಗಡೆಯನ್ನು ತಗ್ಗಿಸುತ್ತವೆ. ಅಮಿಟ್ರಿಪ್ಟಿಲಿನ್ ಮತ್ತು ನಾರ್ಟ್ರಿಪ್ಟಿಲಿನ್ ಮೂಲತಃ ಖಿನ್ನತೆಯ ಔಷಧಿಗಳು; ಅವು ಮಿದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ನೋವಿನ ತಡೆಯನ್ನು ಬಲಪಡಿಸುತ್ತವೆ. ಔಷಧಿ ಅಂಗಡಿಯಲ್ಲೋ ಮೊಬೈಲಿನಲ್ಲೋ ಇವುಗಳ ಹೆಸರು ನೋಡಿ, ತಮಗೆ ಮನೋರೋಗವೆಂದು ವೈದ್ಯರು ತಿಳಿದಿದ್ದಾರೆ ಎಂದು ನೊಂದು ಮಾತ್ರೆ ಬಿಟ್ಟವರಿದ್ದಾರೆ. ಖಿನ್ನತೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿಯೇ ಈ ಔಷಧಿ ನೋವನ್ನು ತಗ್ಗಿಸುತ್ತದೆ ಎಂಬ ಒಂದು ಮಾತನ್ನು ಚೀಟಿ ಬರೆಯುವಾಗಲೇ ಹೇಳಿದ್ದರೆ ಅಂತಹ ನೋವು ತಪ್ಪುತ್ತಿತ್ತು.

ಇವುಗಳಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ಮೊದಲೇ ತಿಳಿದಿರಬೇಕು. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಬಾಪೆಂಟಿನ್ ಸೇವಿಸಿದವರಲ್ಲಿ ನೋವು ಕನಿಷ್ಠ ಅರ್ಧದಷ್ಟು ಇಳಿದವರು 100ರಲ್ಲಿ ಸುಮಾರು 32; ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಸುಮಾರು 17. ಅಂದರೆ ಒಂದೇ ಮಾತ್ರೆ ಎಲ್ಲರಿಗೂ ಹಿಡಿಸುವುದಿಲ್ಲ. ಒಂದರಿಂದ ಆಗದಿದ್ದರೆ ಇನ್ನೊಂದನ್ನು ಅಥವಾ ಎರಡನ್ನು ಜೊತೆಗೆ ನೋಡಬೇಕಾಗುತ್ತದೆ. ನೋವು ಪೂರ್ತಿ ಮಾಯವಾಗುವುದನ್ನೇ ಗುಣವೆಂದು ಎಣಿಸಿದರೆ ಒಳ್ಳೆಯ ಫಲವೂ ಸೋಲಿನಂತೆ ಕಾಣುತ್ತದೆ. ನೋವು ಮೂರನೆಯ ಒಂದು ಭಾಗದಷ್ಟು ಇಳಿದರೂ ರಾತ್ರಿ ನಿದ್ದೆ ಬರುತ್ತದೆ, ಅಂಗಿ ಹಾಕಿಕೊಂಡು ಮದುವೆ ಮನೆಗೆ ಹೋಗಲಾಗುತ್ತದೆ; ಅದು ದೊಡ್ಡ ಲಾಭ.

ಇಲ್ಲಿಯೇ ಪ್ರಮಾಣದ ಪ್ರಶ್ನೆ ಬರುತ್ತದೆ. ಗಬಾಪೆಂಟಿನ್ ಅನ್ನು ವಯಸ್ಸಾದವರಿಗೆ ಸಾಮಾನ್ಯವಾಗಿ ರಾತ್ರಿ 100 ಅಥವಾ 300 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಪರೀಕ್ಷೆಗಳಲ್ಲಿ ಫಲ ಕಂಡದ್ದು ದಿನಕ್ಕೆ 1800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಈ ಎರಡರ ನಡುವೆ ಹಲವು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೆ ಕೆಲವು ದಿನ ಬೇಕು, ತಡೆದುಕೊಳ್ಳಬಲ್ಲ ಗರಿಷ್ಠ ಪ್ರಮಾಣಕ್ಕೆ ಬಂದ ಮೇಲೆ ಇನ್ನೂ ಎರಡು ವಾರ ಬೇಕು. ಅಮಿಟ್ರಿಪ್ಟಿಲಿನ್ ಕೂಡ ರಾತ್ರಿ 10 ಮಿಲಿಗ್ರಾಂನಿಂದ ಆರಂಭವಾಗಿ ಮೆಲ್ಲನೆ ಏರುತ್ತದೆ; ಅದರ ಫಲವನ್ನು ತೀರ್ಮಾನಿಸಲು 6ರಿಂದ 8 ವಾರ ಕಾಯಬೇಕು. ಆದರೆ ನಡೆಯುವುದೇನೆಂದರೆ, ಮೊದಲ ವಾರ ತೂಕಡಿಕೆ, ತಲೆ ತಿರುಗುವುದು, ಬಾಯಿ ಒಣಗುವುದು ಮೊದಲಾದ ತೊಂದರೆಗಳಷ್ಟೇ ಗೊತ್ತಾಗುತ್ತವೆ, ಫಲ ಇನ್ನೂ ಬಂದಿರುವುದಿಲ್ಲ. ಆಗ ರೋಗಿ ಮಾತ್ರೆ ಬಿಡುತ್ತಾರೆ. ಮುಂದಿನ ವೈದ್ಯರ ಬಳಿ ಹೋಗಿ ಆ ಮಾತ್ರೆ ತನಗೆ ಆಗುವುದಿಲ್ಲ ಎನ್ನುತ್ತಾರೆ. ಅವರು ಬೇರೊಂದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸುತ್ತಾರೆ. ಹೀಗೆ ಒಂದು ವರ್ಷದಲ್ಲಿ ನಾಲ್ಕು ಔಷಧಿಗಳ ಮೊದಲ ಮೆಟ್ಟಿಲನ್ನು ಹತ್ತಿ ಇಳಿದವರು ತಮ್ಮ ನೋವಿಗೆ ಮದ್ದೇ ಇಲ್ಲವೆಂದು ನಂಬಿಬಿಡುತ್ತಾರೆ.

ತೊಂದರೆಗಳನ್ನು ಹಗುರವಾಗಿ ಕಾಣಬೇಕೆಂದಲ್ಲ. ರಾತ್ರಿ ಎದ್ದು ಅಂಗಳಕ್ಕೆ ಇಳಿಯುವ ಹಿರಿಯರು ತಲೆ ತಿರುಗಿ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದು ನರನೋವಿಗಿಂತ ದೊಡ್ಡ ಆಪತ್ತು. ಆದುದರಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಮೊದಲ ದಿನಗಳಲ್ಲಿ ಹಾಸಿಗೆಯ ಹತ್ತಿರ ದೀಪ ಇರಬೇಕು, ಸ್ಕೂಟರ್ ಓಡಿಸಬಾರದು, ಅಡಿಕೆ ಮರಕ್ಕೆ ಏಣಿ ಇಡುವ ಕೆಲಸವನ್ನಂತೂ ದೂರವೇ ಇಡಬೇಕು. ಗಬಾಪೆಂಟಿನ್ ಮತ್ತು ಪ್ರಿಗಬಾಲಿನ್ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಆರಂಭಿಸುವ ಮೊದಲು ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಅಗತ್ಯ. ಕಾಲು ಊದಿಕೊಂಡರೆ ವೈದ್ಯರಿಗೆ ತಿಳಿಸಬೇಕು. ಅಮಿಟ್ರಿಪ್ಟಿಲಿನ್ ಹೃದಯದ ಬಡಿತದ ತೊಂದರೆ ಇದ್ದವರಿಗೆ, ಕಣ್ಣಿನ ಒಳಒತ್ತಡ ಏರುವ ಗ್ಲಾಕೋಮಾ ಇದ್ದವರಿಗೆ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುವ ಗಂಡಸರಿಗೆ ಸೂಕ್ತವಲ್ಲ. ಮದ್ಯದೊಂದಿಗೆ ಅಥವಾ ನಿದ್ದೆಯ ಮಾತ್ರೆಯೊಂದಿಗೆ ಇವು ಯಾವುದೂ ಸೇರಬಾರದು.

ಗಡಿಯ ಊರಿನವರಾದ ನಮಗೆ ಇನ್ನೊಂದು ಅಪಾಯವಿದೆ. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದ ಚೀಟಿ ಒಂದು, ಮಂಗಳೂರಿನ ಆಸ್ಪತ್ರೆಯ ಕಡತ ಇನ್ನೊಂದು. ಎರಡೂ ಕಡೆಯವರಿಗೆ ಪರಸ್ಪರ ಪರಿಚಯವಿಲ್ಲ. ಮೇಲೆ ಹೇಳಿದ ಹಿರಿಯರು ಔಷಧಿಗಳನ್ನು ಇಟ್ಟಿದ್ದ ಪ್ಲಾಸ್ಟಿಕ್ ತೊಟ್ಟೆಯನ್ನು ಮೇಜಿನ ಮೇಲೆ ಸುರಿದಾಗ ಅದರಲ್ಲಿ ಎರಡು ಬೇರೆ ಬಣ್ಣದ, ಬೇರೆ ಹೆಸರಿನ ಮಾತ್ರೆಯ ಪಟ್ಟಿಗಳಿದ್ದವು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಎರಡರಲ್ಲೂ ಇದ್ದದ್ದು ಪ್ರಿಗಬಾಲಿನ್ 75 ಮಿಲಿಗ್ರಾಂ. ಒಂದರಲ್ಲಿ ಅದರ ಜೊತೆಗೆ ವಿಟಮಿನ್ ಬಿ12ರ ಒಂದು ರೂಪವಾದ ಮೀಥೈಲ್‌ಕೋಬಾಲಮಿನ್, ಇನ್ನೊಂದರಲ್ಲಿ ನಾರ್ಟ್ರಿಪ್ಟಿಲಿನ್ ಸೇರಿತ್ತು. ಎರಡನ್ನೂ ರಾತ್ರಿ ಊಟದ ನಂತರ ನುಂಗಿ, ಬೆಳಗ್ಗೆ ಏಳಲಾಗದೆ, ಎರಡನ್ನೂ ಒಟ್ಟಿಗೆ ಬಿಟ್ಟಿದ್ದರು. ಇಂತಹ ಜೋಡಿ ಮಾತ್ರೆಗಳು ನಮ್ಮ ದೇಶದ ಮಾರುಕಟ್ಟೆಯಲ್ಲಿ ತುಂಬಿವೆ. ಅವು ನುಂಗಲು ಸುಲಭ, ಆದರೆ ಒಂದರ ಪ್ರಮಾಣವನ್ನು ಏರಿಸುವಾಗ ಇನ್ನೊಂದರದೂ ತಾನಾಗಿ ಏರುವುದರಿಂದ, ಹಿರಿಯರಿಗೆ ಆರಂಭದ ವಾರಗಳಲ್ಲಿ ಬಿಡಿ ಬಿಡಿ ಔಷಧಿಯೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಟಮಿನ್ ಬಿ12 ಬಗ್ಗೆ ಹೇಳುವುದಾದರೆ, ಶುದ್ಧ ಸಸ್ಯಾಹಾರಿಗಳಲ್ಲಿಯೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸಿದ ಮಧುಮೇಹಿಗಳಲ್ಲಿಯೂ ಅದರ ಕೊರತೆ ಸಾಮಾನ್ಯ. ಕೊರತೆಯೇ ಪ್ರತ್ಯೇಕವಾಗಿ ನರಗಳನ್ನು ಕೆಡಿಸುವುದರಿಂದ ರಕ್ತ ಪರೀಕ್ಷಿಸಿ ತುಂಬಿಕೊಳ್ಳುವುದು ಸರಿಯಾದ ಕ್ರಮ.

ನೋವು ಸಣ್ಣ ಜಾಗಕ್ಕೆ ಸೀಮಿತವಾಗಿದ್ದರೆ ಹೊರಗಿನಿಂದ ಬಳಸುವ ಔಷಧಿಯನ್ನು ಮೊದಲು ನೋಡುವುದು ಹಿರಿಯರಿಗೆ ಕ್ಷೇಮ. ಶೇಕಡ 5ರ ಲಿಡೋಕೇನ್ (ಮರಗಟ್ಟಿಸುವ ಔಷಧಿ) ಪಟ್ಟಿಯನ್ನು 12 ಗಂಟೆ ಅಂಟಿಸಿ, ಮುಂದಿನ 12 ಗಂಟೆ ತೆಗೆದಿಡಬೇಕು. ಅದು ಚರ್ಮದ ಕೆಳಗಿನ ನರತಂತುಗಳು ತಾವಾಗಿಯೇ ಸಿಡಿಯುವುದನ್ನು ತಗ್ಗಿಸುತ್ತದೆ. ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪವಾದ್ದರಿಂದ ತೂಕಡಿಕೆ ತರುವುದಿಲ್ಲ. ಪಟ್ಟಿ ಸ್ವತಃ ಚರ್ಮಕ್ಕೆ ಹೊದಿಕೆಯಾಗಿ ಬಟ್ಟೆ ತಾಗುವುದನ್ನು ತಡೆಯುವುದೂ ಒಂದು ಉಪಕಾರ. ಗುಳ್ಳೆ ಪೂರ್ತಿ ಒಣಗಿದ, ಒಡಕಿಲ್ಲದ ಚರ್ಮದ ಮೇಲೆ ಮಾತ್ರ ಇದನ್ನು ಬಳಸಬೇಕು. ಕರಾವಳಿಯ ಸೆಕೆಗೆ ಬೆವರಿ ಪಟ್ಟಿ ಕಳಚುವುದರಿಂದ ಇಲ್ಲಿ ರಾತ್ರಿಯ ಹೊತ್ತು ಅಂಟಿಸುವುದು ಅನುಕೂಲ.

ಮೆಣಸಿನ ಖಾರದ ಸಾರವಾದ ಕ್ಯಾಪ್ಸೈಸಿನ್ ಕೂಡ ಈ ನೋವಿಗೆ ಔಷಧಿ. ಅದು ಉರಿಯನ್ನು ಗುರುತಿಸುವ ನರತುದಿಗಳನ್ನು ಮೊದಲು ಕೆರಳಿಸಿ, ಪದೇ ಪದೇ ತಾಗಿದಾಗ ಅವು ದಣಿದು ಮೌನವಾಗುವಂತೆ ಮಾಡುತ್ತದೆ. ಶೇಕಡ 0.075ರ ಮುಲಾಮನ್ನು ದಿನಕ್ಕೆ 3-4 ಬಾರಿ ವಾರಗಟ್ಟಲೆ ಹಚ್ಚಬೇಕು. ಮೊದಲ ದಿನಗಳಲ್ಲಿ ಉರಿ ಹೆಚ್ಚಾಗುವುದರಿಂದ ಅನೇಕರು ಮುಂದುವರಿಸುವುದಿಲ್ಲ. ಶೇಕಡ 8ರ ಪಟ್ಟಿಯನ್ನು ಆಸ್ಪತ್ರೆಯಲ್ಲಿ ತಜ್ಞರೇ ಅಂಟಿಸಬೇಕು. ಇದನ್ನು ಕೇಳಿ ತೋಟದ ಗಾಂಧಾರಿ ಮೆಣಸನ್ನು ಅರೆದು ಹಚ್ಚುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಮೆಣಸಿನಲ್ಲಿ ಖಾರದ ಪ್ರಮಾಣ ಒಂದೇ ಸಮ ಇರುವುದಿಲ್ಲ, ನರತುದಿ ಕಳೆದುಕೊಂಡ ಚರ್ಮ ಸುಟ್ಟು ಬೊಕ್ಕೆ ಎದ್ದರೂ ತಕ್ಷಣ ತಿಳಿಯದು, ಅದೇ ಕೈ ಕಣ್ಣಿಗೆ ತಾಗಿದರೆ ಇನ್ನೊಂದು ಸಂಕಟ.

ಇಷ್ಟರಿಂದಲೂ ಆಗದವರಿಗೆ ಟ್ರಮಾಡಾಲ್‌ನಂತಹ ಪ್ರಬಲ ನೋವುನಿವಾರಕಗಳು, ಪಕ್ಕೆಲುಬಿನ ನರಕ್ಕೋ ಬೆನ್ನುಹುರಿಯ ಸಮೀಪಕ್ಕೋ ಕೊಡುವ ಚುಚ್ಚುಮದ್ದುಗಳು ಇವೆ. ಅವನ್ನು ನಿರ್ಧರಿಸಬೇಕಾದವರು ಅರಿವಳಿಕೆ ತಜ್ಞರು ನಡೆಸುವ ನೋವು ಚಿಕಿತ್ಸಾ ವಿಭಾಗದವರು. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇಂತಹ ವಿಭಾಗವನ್ನು ವಿಚಾರಿಸಬಹುದು.

ಅಷ್ಟು ದೂರ ಹೋಗಲಾಗದವರಿಗೆ ಕೇರಳದಲ್ಲಿರುವ ಒಂದು ಸೌಲಭ್ಯವನ್ನು ನಾವು ಕನ್ನಡಿಗರು ಸಾಕಷ್ಟು ಬಳಸಿಕೊಂಡಿಲ್ಲವೆಂದು ನನಗೆ ಅನ್ನಿಸುತ್ತದೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಪೇಯ್ನ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿಯ ಕೆಲಸದಿಂದ ಬೆಳೆದು ಬಂದ ಚಳವಳಿಯ ಫಲವಾಗಿ, 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಗೆ, ಅಂದರೆ ನೋವು ಸಂಕಟಗಳನ್ನು ತಗ್ಗಿಸುವ ಪ್ಯಾಲಿಯೇಟಿವ್ ಆರೈಕೆಗೆ, ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಅಂತಹ ನೀತಿ ತಂದ ಮೊದಲ ರಾಜ್ಯ ಇದು. ಪಂಚಾಯತುಗಳ ಮೂಲಕ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ. ಪ್ಯಾಲಿಯೇಟಿವ್ ಎಂದರೆ ಕ್ಯಾನ್ಸರಿನ ಕೊನೆಯ ದಿನಗಳು ಮಾತ್ರ ಎಂದು ತಿಳಿದು ಅವರನ್ನು ಕರೆಯಲು ಹಿಂಜರಿಯಬಾರದು. ಮನೆಬಿಟ್ಟು ಹೊರಬರಲಾಗದ ಹಿರಿಯರ ದೀರ್ಘಕಾಲದ ನೋವನ್ನು ಆ ದಾದಿಯ ಗಮನಕ್ಕೆ ತಂದರೆ, ವಿಷಯ ವೈದ್ಯರಿಗೆ ತಲುಪುವ ದಾರಿ ತೆರೆಯುತ್ತದೆ.

ವೈದ್ಯರು ಮಲಯಾಳ ಮಾತ್ರ ಬಲ್ಲವರಾಗಿದ್ದರೆ ನೋವಿನ ವಿವರವನ್ನು ದಾಟಿಸುವುದು ಕಷ್ಟ. ಸದಾ ಇರುವ ಉರಿಯೇ, ಬಂದು ಹೋಗುವ ಚಳಕೇ, ಮುಟ್ಟಿದರೆ ಮಾತ್ರ ಬರುವ ನೋವೇ, ತುರಿಕೆಯೇ, ಇವು ನಾಲ್ಕೂ ಬೇರೆ ಬೇರೆ; ಚಿಕಿತ್ಸೆಯ ಆಯ್ಕೆಗೆ ಇದು ಬೇಕಾದ ಮಾಹಿತಿ. ಮೊದಲೇ ಬರೆದಿಟ್ಟುಕೊಂಡು ಎರಡೂ ಭಾಷೆ ಬಲ್ಲ ನೆರೆಯವರನ್ನು ಜೊತೆಗೆ ಕರೆದೊಯ್ಯಬೇಕು. ಬದಿಯಡ್ಕದ ಕಡೆಯ ಆ ಹಿರಿಯರ ಪತ್ನಿ ಅಡಿಕೆ ಮಂಡಿಯವರು ಕೊಟ್ಟ ಗೋಡೆ ಕ್ಯಾಲೆಂಡರಿನ ಪ್ರತಿ ದಿನದ ಚೌಕದಲ್ಲಿ ಎರಡು ಅಂಕಿ ಬರೆಯತೊಡಗಿದರು: ಮೇಲೆ, 10ರಲ್ಲಿ ನೋವು ಎಷ್ಟು ಎಂಬುದು, ಕೆಳಗೆ, ರಾತ್ರಿ ಎಷ್ಟು ಗಂಟೆ ನಿದ್ದೆ ಎಂಬುದು. ಮಾತ್ರೆ ಏರಿಸಿದ ದಿನಕ್ಕೆ ಕೆಂಪು ಶಾಯಿಯ ಚುಕ್ಕೆ. ಭಾಷೆ ಯಾವುದಾದರೂ ಆ ಹಾಳೆಯನ್ನು ಯಾವ ವೈದ್ಯರೂ ಓದಬಲ್ಲರು. ನೋವಿನ ಅಂಕಿ 8ರಲ್ಲಿಯೇ ನಿಂತಿದ್ದ ವಾರದಲ್ಲಿ ನಿದ್ದೆಯ ಅಂಕಿ ಏರಿರುವುದು ಕಂಡಾಗ, ಮಾತ್ರೆ ಕೆಲಸ ಆರಂಭಿಸಿದೆ ಎಂದು ಮನೆಯವರಿಗೇ ತಿಳಿಯಿತು.

ಮನೆಯಲ್ಲಿ ಮಾಡಿಕೊಳ್ಳಬಹುದಾದ ಅನುಕೂಲಗಳು ಸಣ್ಣವಾದರೂ ದಿನವಿಡೀ ಉಪಕಾರಕ್ಕೆ ಬರುತ್ತವೆ. ಒಗೆದು ಮೆತ್ತಗಾದ ಹತ್ತಿಯ ಅಥವಾ ರೇಷ್ಮೆಯ ಬಟ್ಟೆ, ಗಂಜಿ ಹಾಕದ ಪಂಚೆ ಮತ್ತು ಸೀರೆ ಒಳ್ಳೆಯವು. ಸಡಿಲ ಬಟ್ಟೆ ಅಲುಗಾಡಿ ತಾಗುವುದೇ ಹೆಚ್ಚು ನೋಯಿಸುವುದಾದರೆ, ಅಡುಗೆಮನೆಯಲ್ಲಿ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ನೋವಿನ ಜಾಗಕ್ಕೆ ಹೊದಿಸಿ ಮೇಲೆ ಅಂಗಿ ಹಾಕಿದರೆ ಕೆಲವರಿಗೆ ನೆಮ್ಮದಿ. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪಟ್ಟಿಯನ್ನು ಸ್ವಲ್ಪ ಹೊತ್ತು ಇಡಬಹುದು, ಆದರೆ ತಣ್ಣಗಿರುವುದೇ ನೋವು ತರುವವರೂ ಇದ್ದಾರೆ. ಅವರು ಅದನ್ನು ಬಿಡಬೇಕು. ಬಿಸಿನೀರಿನ ಚೀಲವನ್ನು ಸ್ಪರ್ಶಜ್ಞಾನ ಕಡಿಮೆಯಾದ ಚರ್ಮದ ಮೇಲೆ ಇಡಬಾರದು. ನೋವಿಗೆ ಹೆದರಿ ಆ ಬದಿಯ ಕೈಯನ್ನು ಆಡಿಸದೆ ಇಟ್ಟುಕೊಂಡವರ ಭುಜ ಬಿಗಿದು ಹೋಗುವುದುಂಟು. ಆದುದರಿಂದ ನಡಿಗೆ, ತೋಟದ ಹಗುರ ಕೆಲಸ ನಿಲ್ಲಬಾರದು. ನಿದ್ದೆಗೆಟ್ಟು, ಜನರಿಂದ ದೂರವಾಗಿ, ಊಟದ ರುಚಿ ಹೋಗಿ ಹಿರಿಯರು ಮಂಕಾದಾಗ ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಬೇಕಾಗುತ್ತದೆ. ಅದು ನೋವಿನಿಂದ ಬಂದದ್ದು, ನೋವನ್ನು ಹೆಚ್ಚಿಸುವುದೂ ಅದೇ.

ಹೆಚ್ಚಿನವರಲ್ಲಿ ಈ ನೋವು ತಿಂಗಳುಗಳು ಕಳೆದಂತೆ ತಾನಾಗಿಯೂ ಇಳಿಯುತ್ತಾ ಬರುತ್ತದೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಮಾತ್ರೆ ಜೀವನಪರ್ಯಂತವೇ ಎಂದು ಕಂಗೆಡಬೇಕಾಗಿಲ್ಲ. ಕೆಲವು ತಿಂಗಳು ನೋವು ಹಿಡಿತದಲ್ಲಿದ್ದರೆ ಪ್ರಮಾಣವನ್ನು ಇಳಿಸಿ ನೋಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಏರಿಸುವಾಗ ಹೇಗೋ ಇಳಿಸುವಾಗಲೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಗಬಾಪೆಂಟಿನ್ ಅಥವಾ ಪ್ರಿಗಬಾಲಿನ್ ಅನ್ನು ಒಂದೇ ದಿನದಲ್ಲಿ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ಕಳವಳ ಕಾಣಿಸಿಕೊಳ್ಳುತ್ತವೆ, ಅಪಸ್ಮಾರವಿರುವವರಿಗೆ ಸೆಳೆತವೂ ಬರಬಹುದು. ಇಳಿಸಿದ ಮೇಲೆ ನೋವು ಮರಳಿ ಏರಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ಇಳಿಸಿ ನೋಡಬಹುದು.